ಮಾವನ ನಾಡಿ ಒಂದೇ ಸಮ ಬಡಿದ ಮಧ್ಯಾಹ್ನ

ಇಂಥ ಕತೆಗಳನ್ನು ನಾನು ನಂಬುತ್ತಿದ್ದವಳಲ್ಲ. ಯಾರಾದರೂ "ನಮಗೆ ಹೀಗಾಗಿತ್ತು, ನೀವು ನಂಬಿ ಬಿಡಿ" ಅಂತ ಶುರು ಮಾಡಿದರೆ ಸಾಕು, ನನಗೆ ಗೊತ್ತಿಲ್ಲದೆಯೇ ನನ್ನ ಮುಖದಲ್ಲಿ ಒಂದು ನಗು ಬರುತ್ತಿತ್ತಂತೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಎದುರಿಗೆ ಕೂತವರು ಹೇಳಿ ಮುಗಿಸುವುದರೊಳಗೆ ಅದಕ್ಕೊಂದು ಕಾರಣ ಹುಡುಕಿ ಇಟ್ಟುಕೊಂಡಿರುತ್ತಿದ್ದೆ. ಈಗ ಅಂಥದೇ ಒಂದು ಸಂಗತಿಯನ್ನು ಬರೆಯಲು ನಾನೇ ಕೂತಿದ್ದೇನೆ. ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಾನು ನಿಮ್ಮ ಜಾಗದಲ್ಲಿದ್ದರೂ ನಗುತ್ತಿದ್ದೆ.

ನನ್ನ ತವರು ಚಿತ್ತಾಕುಲ. ಅಪ್ಪನಿಗೆ ಕಾರವಾರದಲ್ಲಿ ಸರ್ಕಾರಿ ನೌಕರಿ. ಕಾಳಿ ಸೇತುವೆ ದಾಟಿ ಕಾಲೇಜಿಗೆ ಹೋಗಿ ಬರುತ್ತಿದ್ದಾಗ ಪರಿಚಯವಾದವರನ್ನೇ ಮದುವೆಯಾದೆ. ಅಂಕೋಲೆಯಿಂದ ಕಾರವಾರದ ಕಡೆ ಬರುವಾಗ ಹೆದ್ದಾರಿಯಿಂದ ಸಮುದ್ರದ ಬದಿಗೆ ಇಳಿದರೆ ಸಿಗುವ ಒಂದು ಕೇರಿ ಅವರದು. ಮೀನುಗಾರರ ಮನೆ. ನಮ್ಮವರು ಪದವಿ ಮುಗಿಸಿ ಒಂದೆರಡು ವರ್ಷ ಆಫೀಸೊಂದರಲ್ಲಿ ಕೂತು ನೋಡಿದರು, ಆಗಲಿಲ್ಲ. ಮತ್ತೆ ದೋಣಿ ಹತ್ತಿದರು. ಮನೆಯಲ್ಲಿ ನಾವಿಬ್ಬರು ಮತ್ತು ಮಾವ. ಅತ್ತೆ ನಾನು ಬರುವ ಮೊದಲೇ ತೀರಿಹೋಗಿದ್ದರು.

ಮಾವ ಎತ್ತರದ ಆಳು. ಎಂಜಿನ್ನು ಬರುವ ಮೊದಲಿನ ಕಾಲದಿಂದ ಸಮುದ್ರಕ್ಕೆ ಹೋದವರು, ಹುಟ್ಟು ಹಾಕಿ ಹಾಕಿ ಅವರ ಹೆಗಲು ಆ ವಯಸ್ಸಿನಲ್ಲೂ ಗಟ್ಟಿಯಾಗಿತ್ತು. ಅಂಥವರು ಒಂದು ದಿನ ಬಲೆ ಎಳೆಯುತ್ತಿದ್ದಾಗ ಕಣ್ಣು ಕತ್ತಲೆ ಬಂದು ದೋಣಿಯಲ್ಲೇ ಕೂತುಬಿಟ್ಟರಂತೆ. ಮನೆಗೆ ಬಂದು ಎದೆ ಮುಟ್ಟಿಕೊಂಡು, "ಒಳಗೆ ಬುಟ್ಟಿಗೆ ಹಾಕಿದ ಮೀನು ಒದ್ದಾಡ್ದಂಗೆ ಆತದೆ ತಂಗೀ" ಅಂದರು. ಸೊಸೆಯಾದರೂ ನನ್ನನ್ನು ತಂಗೀ ಅಂತಲೇ ಕರೆಯುತ್ತಿದ್ದರು.

ಕಾರವಾರದ ಒಂದು ಕ್ಲಿನಿಕ್ಕಿಗೆ ತಿಂಗಳಿಗೊಮ್ಮೆ ಹೊರ ಊರಿನಿಂದ ಹೃದಯದ ಡಾಕ್ಟರೊಬ್ಬರು ಬರುತ್ತಿದ್ದರು. ಅವರು ಇಸಿಜಿ ತೆಗೆಸಿ ನೋಡಿ ನಮಗೆ ಬಿಡಿಸಿ ಹೇಳಿದರು. ಹೃದಯಕ್ಕೆ ಮೇಲೆರಡು ಕೋಣೆ, ಕೆಳಗೆರಡು ಕೋಣೆ. ಮೇಲಿನ ಕೋಣೆಯ ಒಂದು ಮೂಲೆಯಿಂದ ಬಡಿತದ ಅಪ್ಪಣೆ ಹೊರಡಬೇಕು, ಒಂದರ ಹಿಂದೆ ಒಂದು, ಸಮನಾಗಿ. ಮಾವನ ಹೃದಯದಲ್ಲಿ ಮೇಲಿನ ಕೋಣೆಗಳು ಬಡಿಯುವುದನ್ನೇ ಬಿಟ್ಟು ಸುಮ್ಮನೆ ನಡುಗುತ್ತಿದ್ದವು. ಕೆಳಗಿನ ಕೋಣೆಗಳಿಗೆ ಸಿಕ್ಕಿದಾಗ ಸಿಕ್ಕಿದ ಅಪ್ಪಣೆ. ಹಾಗಾಗಿ ನಾಡಿ ಎರಡು ಬೇಗ ಬೇಗ ಬಡಿದು ತುಸು ನಿಂತು, ಮತ್ತೊಂದು ಬಡಿದು, ಮತ್ತೆ ಮೂರು ಒಟ್ಟಿಗೆ ಬಡಿದು ಹೋಗುತ್ತಿತ್ತು. ಅದಕ್ಕೊಂದು ಲೆಕ್ಕವೇ ಇಲ್ಲ. ನಡುಗುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಅದಕ್ಕೇ ರಕ್ತ ತೆಳುವಾಗಿಡುವ ಗುಳಿಗೆ, ಬಡಿತ ನಿಧಾನ ಮಾಡಲು ಇನ್ನೊಂದು.

ಮಧ್ಯೆ ಒಮ್ಮೆ ಒಂದು ಹಗಲು ಒಂದು ರಾತ್ರಿ ಎದೆಗೆ ವೈರು ಅಂಟಿಸಿ, ಸೊಂಟಕ್ಕೆ ಪುಟ್ಟ ಪೆಟ್ಟಿಗೆ ಕಟ್ಟಿ ಕಳಿಸಿದರು. ಹೋಲ್ಟರ್ ಅಂತ ಅದರ ಹೆಸರು. ಮಾವ ಅದನ್ನು ರೇಡಿಯೋ ಅಂತ ಕರೆದು, ಕೇರಿಯ ಮಕ್ಕಳಿಗೆಲ್ಲ ತೋರಿಸಿಕೊಂಡು ತಿರುಗಿದರು. ಅದನ್ನು ವಾಪಸ್ಸು ಕೊಟ್ಟು ಫಲಿತಾಂಶ ಕೇಳಲು ಹೋದಾಗ ಡಾಕ್ಟರು ತಲೆ ಅಲ್ಲಾಡಿಸಿದರು. ಅಷ್ಟೂ ಹೊತ್ತಿನಲ್ಲಿ ನಾಡಿ ಸಮನಾಗಿ ಬಡಿದದ್ದು ಒಂದು ಗಳಿಗೆಯೂ ಇಲ್ಲ. ಇದು ಬಂದು ಹೋಗುವ ಥರದ್ದಲ್ಲ, ಇನ್ನು ಹೀಗೇ ಇರುತ್ತದೆ, ಇದರ ಜೊತೆಗೇ ಬಾಳಬೇಕು ಅಂದರು. ಹೆದರುವಂಥದ್ದೇನಿಲ್ಲ, ಆದರೆ ಮನೆಯಲ್ಲಿ ಒಬ್ಬರು ನೋಡಿಕೊಳ್ಳುತ್ತಿರಬೇಕು ಎಂದು ನನ್ನ ಕಡೆ ತಿರುಗಿದರು.

ನಾಡಿ ನೋಡುವುದನ್ನು ನನಗೆ ಕಲಿಸಿದ್ದು ಅವರೇ. ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಮೂರು ಬೆರಳು ಮೆತ್ತಗಿಡಬೇಕು. ಹೆಬ್ಬೆರಳು ಇಡಬಾರದು, ಅದರಲ್ಲಿ ನಮ್ಮದೇ ಬಡಿತ ಸಿಗುತ್ತದೆ. ಸಮನಾಗಿ ಬಡಿಯುವವರದಾದರೆ ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ನಡೆಯುತ್ತದೆ, ಇಂಥವರದು ಪೂರ್ತಿ ನಿಮಿಷ ಎಣಿಸಲೇಬೇಕು. ಒಮ್ಮೆಗೇ ತೀರಾ ಜೋರಾದರೆ, ತೀರಾ ನಿಧಾನವಾದರೆ, ಉಸಿರು ಕಟ್ಟಿದರೆ, ಮಾತು ತೊದಲಿದರೆ, ಕಾಯದೆ ಕರೆತರಬೇಕು. ಮುಂಬಯಿಯಲ್ಲಿದ್ದ ನನ್ನ ಅಣ್ಣ ಬಿ.ಪಿ. ನೋಡುವ ಮಷಿನ್ನು ಕಳಿಸಿಕೊಟ್ಟ. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಅಂಕಿ ಬರುತ್ತಿತ್ತು. ಬಡಿತ ಏರುಪೇರಿದ್ದರೆ ಅಂಕಿಯ ಬದಿಗೆ ಹೃದಯದ ಚಿತ್ರವೊಂದು ಮಿಣುಕುತ್ತಿತ್ತು. ಮಾವನಿಗೆ ಅದು ಪ್ರತಿ ಸಲವೂ ಮಿಣುಕುತ್ತಿತ್ತು. "ಕಣ್ ಹೊಡೀತದೆ ನೋಡು ಇದು" ಅಂತ ನಗುತ್ತಿದ್ದರು.

ಮೊದಮೊದಲು ಮಾವನ ಕೈ ಹಿಡಿದು ಕೂರಲು ಇಬ್ಬರಿಗೂ ಸಂಕೋಚವಾಗುತ್ತಿತ್ತು. ಅವರು ಆ ಕಡೆ ನೋಡುತ್ತಿದ್ದರು, ನಾನು ಗಡಿಯಾರ ನೋಡುತ್ತಿದ್ದೆ. ಬರಬರುತ್ತ ಅದು ರೂಢಿಯಾಯಿತು. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಒಮ್ಮೆ, ಸಂಜೆ ದೀಪ ಹಚ್ಚಿದ ಮೇಲೆ ಒಮ್ಮೆ. ಸುಮಾರು ಎರಡು ವರ್ಷ ಹೀಗೆ ನೋಡಿದ್ದೇನೆ. ಆ ಬಡಿತ ನನ್ನ ಬೆರಳಿಗೆ ಎಷ್ಟು ಪರಿಚಯವಾಗಿತ್ತೆಂದರೆ, ಕಣ್ಣು ಕಟ್ಟಿ ಹತ್ತು ಜನರ ಕೈ ಕೊಟ್ಟಿದ್ದರೂ ಮಾವನದು ಯಾವುದೆಂದು ಹೇಳುತ್ತಿದ್ದೆ. ಇಷ್ಟನ್ನೆಲ್ಲ ಯಾಕೆ ಹೇಳಿದೆನೆಂದರೆ, ಆ ದಿನ ನನ್ನ ಬೆರಳಿನ ಕೆಳಗೆ ಆದದ್ದನ್ನು ನಾನು ತಪ್ಪಾಗಿ ತಿಳಿದಿರಲಾರೆ ಎಂಬುದಕ್ಕೆ ನನ್ನ ಹತ್ತಿರ ಇರುವ ಸಮಾಧಾನ ಇದೊಂದೇ.

ಅದು ದಸರಾ ರಜೆ. ನಮ್ಮವರು ನಸುಕಿನಲ್ಲೇ ದೋಣಿ ತೆಗೆದಿದ್ದರು. ಜೊತೆಗೆ ಇಬ್ಬರು, ಪಾಂಡು ಮತ್ತು ನಾಗೇಶ. ಪಾಂಡು ಮಾವನ ಕಾಲದಿಂದಲೂ ನಮ್ಮ ದೋಣಿಗೆ ಬರುವವನು. ನಾಗೇಶ ನೆರೆಮನೆಯ ಮಂಗಲಕ್ಕನ ಮಗ. ದೋಣಿ ಹಳೆಯದು, ಮರದ್ದು. ಮಾವನೇ ನಿಂತು ಮಾಡಿಸಿದ್ದು, ಆಮೇಲೆ ಅದಕ್ಕೆ ಎಂಜಿನ್ನು ಕೂರಿಸಿದ್ದರು. ಮಧ್ಯಾಹ್ನದ ಊಟಕ್ಕೆ ಬಂದುಬಿಡುವವರು ಅವತ್ತು ಬರಲಿಲ್ಲ. ಮೀನು ಚೆನ್ನಾಗಿ ಸಿಕ್ಕಿದರೆ ತಡವಾಗುವುದುಂಟು, ನಾನು ಅಷ್ಟೇನೂ ಯೋಚಿಸಲಿಲ್ಲ. ಅನ್ನ, ಸಾರು ಮುಚ್ಚಿಟ್ಟು ಮಾವನಿಗೆ ಬಡಿಸಿದೆ.

ಊಟವಾದ ಮೇಲೆ ಪಡುವಣ ಕಪ್ಪಾಗುತ್ತ ಬಂತು. ಗಾಳಿ ಪೂರಾ ನಿಂತುಹೋಯಿತು, ತೆಂಗಿನ ಗರಿ ಒಂದೂ ಅಲ್ಲಾಡುತ್ತಿರಲಿಲ್ಲ. ಜಗಲಿಯಲ್ಲಿ ಕೂತಿದ್ದ ಮಾವ ಎದ್ದು ಕಂಬ ಹಿಡಿದು ಸಮುದ್ರದ ಕಡೆ ನೋಡಿದರು. ನೋಡಿ, ತಿರುಗಿ ಬಂದು ಚಾಪೆಯ ಮೇಲೆ ಮಲಗಿದರು.

"ಎಂತಾತು ಮಾವ?" ಅಂದೆ.

"ಎದೆ ಎಂತೋ ಆತದೆ ತಂಗೀ."

ನಾನು ಓಡಿಹೋಗಿ ಮಷಿನ್ನು ತಂದು ಎಡತೋಳಿಗೆ ಪಟ್ಟಿ ಸುತ್ತಿದೆ. ಅಂಕಿ ಬಂತು, ಹೃದಯದ ಚಿತ್ರ ಎಂದಿನಂತೆ ಮಿಣುಕಿತು. ಬಿ.ಪಿ. ತೊಂದರೆಯಿಲ್ಲ, ಬಡಿತ ಮಾತ್ರ ಜೋರು. ಪಟ್ಟಿ ಬಿಚ್ಚದೆಯೇ, ಬಲಗೈ ಹಿಡಿದು ನಾಡಿ ನೋಡತೊಡಗಿದೆ. ಹಂಚಿನ ಮೇಲೆ ಮೊದಲ ಮಳೆಯ ಹನಿ ಬಿದ್ದಂತೆ ಸಿಕ್ಕಾಪಟ್ಟೆ ಬಡಿಯುತ್ತಿತ್ತು. ಅಷ್ಟರಲ್ಲಿ ನಿಜವಾದ ಮಳೆಯೇ ಬಂತು. ಗಾಳಿ ಒಮ್ಮೆಗೇ ನುಗ್ಗಿ ಬಂದು ಜಗಲಿಯ ಒಳತನಕ ನೀರು ಎರಚಿತು. ಸಮುದ್ರ ಕಾಣದಾಯಿತು, ಅಂಗಳದ ಆಚೆಯ ಬಾವಿಯೂ ಕಾಣದಾಯಿತು.

ಆಗ ನಾಡಿ ನಿಂತಿತು.

ನಿಂತಿತು ಅಂದರೆ, ಎರಡು ಬಡಿತದ ನಡುವೆ ಅಂಥ ಉದ್ದದ ಬಿಡುವು ನಾನು ಯಾವತ್ತೂ ಕಂಡಿರಲಿಲ್ಲ. ಮಾವ ಅಂತ ಕೂಗಲು ಬಾಯಿ ತೆರೆದೆ. ಆಗ ಬೆರಳ ಕೆಳಗೆ ಒಂದು ಬಡಿತ ಬಂತು. ದೊಡ್ಡದು, ತುಂಬಿಕೊಂಡದ್ದು. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ನಡುವಿನ ಬಿಡುವು ಒಂದೇ ಅಳತೆ. ನಾನು ಕಾದೆ, ಈಗ ತಪ್ಪುತ್ತದೆ, ಈಗ ಎರಡು ಒಟ್ಟಿಗೆ ಬರುತ್ತದೆ ಅಂತ. ಬರಲಿಲ್ಲ. ನಿಧಾನಕ್ಕೆ, ಗಟ್ಟಿಯಾಗಿ, ಒಂದೇ ಸಮ. ಎರಡು ವರ್ಷದಲ್ಲಿ ಒಮ್ಮೆಯೂ ಸಮನಾಗಿ ಬಡಿಯದಿದ್ದ ನಾಡಿ.

ನಿಧಾನವೂ ಅಪಾಯವೇ ಅಂತ ಡಾಕ್ಟರು ಹೇಳಿದ್ದು ನೆನಪಾಗಿ, ಮಾವನ ಮುಖ ನೋಡಿದೆ. ಕಣ್ಣು ಮುಚ್ಚಿತ್ತು. ಹಣೆಯಲ್ಲಿ ಬೆವರು. ಉಸಿರು ಸರಿಯಾಗಿತ್ತು, ತುಟಿಯ ಬಣ್ಣ ಸರಿಯಾಗಿತ್ತು. ಕರೆದೆ, ಉತ್ತರವಿಲ್ಲ, ಆದರೆ ಬೆರಳುಗಳು ತುಸು ಮಡಿಚಿಕೊಂಡವು. ಎಡಗೈಯಿಂದ ಮಷಿನ್ನಿನ ಗುಂಡಿ ಒತ್ತಿದೆ. ಅಂಕಿ ಬಂತು. ಬದಿಯಲ್ಲಿ ಹೃದಯದ ಚಿತ್ರ ಇಲ್ಲ. ಮತ್ತೊಮ್ಮೆ ಒತ್ತಿದೆ. ಇಲ್ಲ. ಆ ಪುಟ್ಟ ಖಾಲಿ ಜಾಗ ನೋಡಿ ನನಗೆ ಯಾಕೋ ಅಳು ಬಂದುಬಿಟ್ಟಿತು. ಹೆದರಿಕೆಯೇ ಅಂದರೆ ಪೂರ್ತಿ ಹೆದರಿಕೆಯಲ್ಲ. ಯಾವುದೋ ದೊಡ್ಡ ಕೆಲಸ ನಡೆಯುತ್ತಿರುವ ಜಾಗಕ್ಕೆ ತಿಳಿಯದೆ ಬಂದು ನಿಂತವಳಂತೆ ಅನಿಸಿತು. ಯಾರ ಕೆಲಸ, ಎಂಥ ಕೆಲಸ, ಗೊತ್ತಿಲ್ಲ.

ಫೋನು ಸತ್ತಿತ್ತು. ರಿಕ್ಷಾ ಕರೆಯಲು ಹೆದ್ದಾರಿಯ ತನಕ ಹೋಗಬೇಕು. ಅಷ್ಟರಲ್ಲಿ ದಾರಿಯಿಂದ ಮಂಗಲಕ್ಕ ನನ್ನ ಹೆಸರು ಹಿಡಿದು ಕೂಗುವುದು ಕೇಳಿತು. ಮಾವನ ಕೈ ಬಿಟ್ಟು, ಸೆರಗು ತಲೆಗೆ ಹಾಕಿಕೊಂಡು ಅಂಗಳ ದಾಟಿ ಬೇಲಿಯ ದಣಪೆಯ ತನಕ ಓಡಿದೆ. ಆಕೆ ಪ್ಲಾಸ್ಟಿಕ್ ಹೊದ್ದು ನಡುಗುತ್ತ ನಿಂತಿದ್ದಳು.

"ಎಲ್ಲಾ ದೋಣಿ ಬಂತು. ನಿಮ್ಮದೊಂದೇ ಇಲ್ಲ. ನನ್ ಪೋರ ಅದ್ರಾಗೇ ಅವ್ನೆ. ಬಾ, ದಂಡೆಗೆ ಹೋಗ್ವಾ, ಬಾ" ಅಂದಳು.

ಹೋಗುವವಳೇ ಇದ್ದೆ. ನಿಜ ಹೇಳಬೇಕೆಂದರೆ ಆ ಕ್ಷಣಕ್ಕೆ ಮಾವನ ನೆನಪೇ ಹೋಗಿತ್ತು. ದಣಪೆಯ ಆಚೆ ಒಂದು ಕಾಲು ಇಟ್ಟಿದ್ದೆ. ಆಗ ಕಿವಿಯ ಹತ್ತಿರ ಯಾರೋ "ತಂಗೀ" ಅಂದರು. ಕೂಗಿದ್ದಲ್ಲ, ಜೋರಾಗಿ ಹೇಳಿದ್ದೂ ಅಲ್ಲ. ಸಂಜೆ ಕೈ ಮುಂದೆ ಚಾಚುವಾಗ ಮಾವ ಹೇಗೆ ಕರೆಯುತ್ತಿದ್ದರೋ ಹಾಗೆ. ನಾನು ತಿರುಗಿ ನೋಡಿದೆ, ಯಾರೂ ಇಲ್ಲ. "ಮಾವನಿಗೆ ಹುಷಾರಿಲ್ಲ, ಬರಲಾರೆ" ಅಂತ ಮಂಗಲಕ್ಕನಿಗೆ ಹೇಳಿ ಮಳೆಯಲ್ಲೇ ಓಡಿ ಬಂದೆ. ಆಕೆ ಒಬ್ಬಳೇ ದಂಡೆಗೆ ಹೋದಳು.

ಬಂದು ಕೈ ಹಿಡಿದಾಗ ನಾಡಿ ಮತ್ತೆ ಮೊದಲಿನ ಹಾಗೇ ದಿಕ್ಕಾಪಾಲಾಗಿ ಓಡುತ್ತಿತ್ತು. ಇಷ್ಟೇ ಹೊತ್ತು ಅದರ ಪುಣ್ಯ ಅಂದುಕೊಂಡೆ. ಆದರೆ ನನ್ನ ಒದ್ದೆ ಬೆರಳು ಸರಿಯಾಗಿ ಕೂತ ಮೇಲೆ, ಮತ್ತೆ ಅದೇ ಉದ್ದದ ಬಿಡುವು. ಮತ್ತೆ ಅದೇ ದೊಡ್ಡ ಬಡಿತ. ಒಂದು, ಇನ್ನೊಂದು, ಮತ್ತೊಂದು.

ಆಮೇಲೆ ನಾನು ಏಳಲಿಲ್ಲ. ಒದ್ದೆ ಸೀರೆಯಲ್ಲೇ ಚಾಪೆಯ ಅಂಚಿಗೆ ಕೂತಿದ್ದೆ. ಗಂಡ ಸಮುದ್ರದಲ್ಲಿದ್ದಾನೆ, ಎದ್ದು ಓಡು ಅಂತ ಮನಸ್ಸು ಹೇಳುತ್ತಿತ್ತು, ಬೆರಳು ಕೇಳುತ್ತಿರಲಿಲ್ಲ. ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಒಂದು ಮಳೆ ಹೋಗಿ ಇನ್ನೊಂದು ಬಂದಿತ್ತು. ಬಡಿತದಲ್ಲಿ ಒಂದೇ ಒಂದು ಸಲ ವ್ಯತ್ಯಾಸವಾಗಲಿಲ್ಲ. ಮಾವನ ಹೆಗಲು ಮಾತ್ರ ಆಗಾಗ ಬಿಗಿಯಾಗಿ ಸಡಿಲಾಗುತ್ತಿತ್ತು, ನಿದ್ದೆಯಲ್ಲಿ ಭಾರ ಎಳೆಯುವವರ ಹಾಗೆ.

ಕೊನೆಗೆ ಮಳೆ ನಿಂತಿತು. ಗುಡ್ಡದ ಬುಡದಲ್ಲಿ ರೈಲು ಕೂಗಿಕೊಂಡು ಹೋಯಿತು. ಆ ಕೂಗು ಇನ್ನೂ ಕಿವಿಯಲ್ಲಿರುವಾಗಲೇ ಬೆರಳ ಕೆಳಗೆ ಬಡಿತ ಚೆದುರಿತು. ಎರಡು ಒಟ್ಟಿಗೆ, ಒಂದು ಬಿಡುವು, ಮೂರು ಒಟ್ಟಿಗೆ. ಹಳೆಯ ನಾಡಿ. ಮುಗಿಯಿತು, ಇವರು ಹೊರಟರು ಅಂತಲೇ ನಾನು ಅಂದುಕೊಂಡೆ. ಮಾವ ಕಣ್ಣು ಬಿಟ್ಟರು. ನನ್ನನ್ನು ನೋಡಿದರು, ಒದ್ದೆ ಸೀರೆ ನೋಡಿದರು.

"ಚಾ ಇಡು ತಂಗೀ," ಅಂದರು. ನಾನು ಏಳುವಾಗ, "ನೀರು ಹೆಚ್ಚಿಗೆ ಇಡು" ಅಂದರು.

ದೀಪ ಹಚ್ಚುವ ಮೊದಲೇ ಹೆದ್ದಾರಿಯಲ್ಲಿ ಟೆಂಪೋ ನಿಂತ ಸದ್ದಾಯಿತು. ಮೂವರೂ ನಡೆದು ಬಂದರು, ಹಿಂದೆ ಮಂಗಲಕ್ಕ ಅಳುತ್ತ, ಬೈಯುತ್ತ ಬರುತ್ತಿದ್ದಳು. ನಮ್ಮವರ ಮೊಣಕೈ ಸುಲಿದಿತ್ತು, ಕಾಲಿಗೆಲ್ಲ ಮರಳು. ಜಗಲಿಯ ಮೆಟ್ಟಿಲ ಮೇಲೆ ಕೂತು, ಚಾ ಕುಡಿಯುತ್ತ, ನಿಧಾನಕ್ಕೆ ಹೇಳಿದರು.

ಗಾಳಿ ಬಂದ ಹೊಡೆತಕ್ಕೆ ದೋಣಿ ಮಗುಚಿತು. ಎಂಜಿನ್ನು ಹೋಯಿತು, ಬಲೆ ಹೋಯಿತು. ಮೂವರೂ ಮಗುಚಿದ ದೋಣಿಯ ಬೆನ್ನು ಹಿಡಿದುಕೊಂಡಿದ್ದರು. ಮಳೆಯಲ್ಲಿ ದಡ ಯಾವ ಕಡೆ, ಸಮುದ್ರ ಯಾವ ಕಡೆ ಅಂತ ಗೊತ್ತಾಗುತ್ತಿರಲಿಲ್ಲ. ಅಲೆ ಎಲ್ಲ ಬದಿಯಿಂದಲೂ ಬರುತ್ತಿತ್ತು. ನಾಗೇಶ ಒಂದು ಕಡೆ ಕಪ್ಪಗೆ ಕಾಣುವುದು ಗುಡ್ಡ ಅಂತ ಹೇಳಿ ಆ ಕಡೆ ಈಜಲು ಹೊರಟಿದ್ದನಂತೆ. ಆಗ ನಮ್ಮವರಿಗೆ ಒಂದು ಸದ್ದು ಕೇಳಿತು.

"ಕಿವಿಗೆ ಕೇಳಿದ್ದೋ ಮೈಗೆ ಕೇಳಿದ್ದೋ ಹೇಳೂಕೆ ಬರೂದಿಲ್ಲ. ಧಪ್, ಧಪ್ ಅಂತ. ಚಿಕ್ಕವನಿದ್ದಾಗ ನಾನು ದೋಣಿಯಲ್ಲಿ ಮಲಗಿದ್ರೆ, ಹುಟ್ಟು ಹಾಕೂವಾಗ ಅಪ್ಪ ಹಿಮ್ಮಡಿ ಹಲಗೆಗೆ ಬಡೀತಿದ್ದ ನೋಡು, ಹಾಗೇ. ಮೊದಲು ನನ್ನ ಎದೆಯದೇ ಅಂದ್ಕೊಂಡೆ. ನನ್ನ ಎದೆ ಓಡ್ತಿತ್ತು, ಇದು ನಿಧಾನ ಇತ್ತು."

ಸದ್ದು ನಾಗೇಶ ತೋರಿಸಿದ ಕಡೆಯಿಂದಲ್ಲ, ಅದಕ್ಕೆ ಪೂರ್ತಿ ಎದುರಿನಿಂದ ಬರುತ್ತಿತ್ತಂತೆ. ನಮ್ಮವರು ಇಬ್ಬರಿಗೂ ಬೈದು, ಹೆದರಿಸಿ, ದೋಣಿಯನ್ನು ಆ ಕಡೆ ತಿರುಗಿಸಿ, ಆ ಸದ್ದಿಗೆ ಸರಿಯಾಗಿ ಕಾಲು ಬಡಿಯಲು ಹೇಳಿದರು. ಧಪ್ ಅಂದಾಗ ಒಮ್ಮೆ, ಧಪ್ ಅಂದಾಗ ಮತ್ತೊಮ್ಮೆ. ಕಾಲು ಸೋತರೂ ಆ ತಾಳ ಬಿಡಲಿಲ್ಲ.

"ನಡುವೆ ಒಮ್ಮೆ ನಿಂತೇ ಹೋತು," ಅಂದರು ನಮ್ಮವರು. "ಸದ್ದೇ ಇಲ್ಲ. ಇನ್ನು ಮುಗೀತು ಅಂದ್ಕೊಂಡೆ. ಯಾವ ಕಡೆ ಅನ್ನೂದೂ ತಪ್ಪಿಹೋತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾತು."

ನನ್ನ ಕೈಯ ಲೋಟ ಕೆಳಗಿಟ್ಟೆ. ಅವರು ಹೇಳುತ್ತಲೇ ಇದ್ದರು. ಕಾಲಿಗೆ ಮರಳು ಸಿಕ್ಕಿದ ಕ್ಷಣ ಸದ್ದು ನಿಂತಿತು. ಅದಕ್ಕೆ ತುಸು ಮೊದಲಷ್ಟೇ ರೈಲು ಕೂಗಿದ್ದು ಕೇಳಿತ್ತಂತೆ. ಅವರು ದಡ ಸೇರಿದ್ದು ನಮ್ಮ ಕೇರಿಯಿಂದ ಗುಡ್ಡದ ಆಚೆ, ಬೇರೆಯೇ ಒಂದು ಮರಳ ದಂಡೆಯಲ್ಲಿ.

ಆಗ ನಾನು ನನ್ನ ಪಾಲಿನದನ್ನು ಹೇಳಿದೆ. ನಾಡಿ ಸಮನಾದದ್ದು, ದಣಪೆಯ ತನಕ ಓಡಿದ್ದು, ತಿರುಗಿ ಬಂದದ್ದು. ನಾಗೇಶ, ತನಗೆ ಮಾತ್ರ ಏನೂ ಕೇಳಲಿಲ್ಲ, ಇವರು ಹೇಳಿದಂತೆ ಕಾಲು ಬಡಿದೆ ಅಷ್ಟೇ ಅಂದ. ಇಂದಿಗೂ ಅವನು ಅದನ್ನೇ ಹೇಳುತ್ತಾನೆ. ಪಾಂಡು, ಸದ್ದು ತನಗೂ ಕೇಳಲಿಲ್ಲ, ಆದರೆ ಅಂಗೈ ಇಟ್ಟಿದ್ದ ಹಲಗೆಯಲ್ಲಿ ಎಂತೋ ಬಡಿಯುತ್ತಿತ್ತು ಅಂದ. ಅಷ್ಟು ಹೇಳಿ ಎದ್ದು ಹೋದ.

"ನೀವು ನನ್ನ ಕರೆದ್ರಲ್ಲ ಮಾವ, ನಾನು ದಣಪೆ ಹತ್ರ ಇದ್ದಾಗ?" ಅಂತ ಕೇಳಿದೆ.

ಮಾವ ತಲೆ ಅಲ್ಲಾಡಿಸಿದರು. "ನಾ ಕರೀಲಿಲ್ಲ ತಂಗೀ. ನಂಗೆ ನಿದ್ದೆ ಬಂದಿತ್ತು. ಯಾರೋ ಕೈ ಹಿಡ್ದಿದ್ರು, ಅದೊಂದು ಗೊತ್ತದೆ. ಮತ್ತೆಂತದೂ ಗೊತ್ತಿಲ್ಲ." ಅಷ್ಟು ಹೇಳಿ ತಮ್ಮ ಎರಡೂ ಹೆಗಲು ಒತ್ತಿಕೊಂಡರು. ಆ ನೋವು ಆಮೇಲೂ ಕೆಲವು ದಿನ ಇತ್ತು, ಎಣ್ಣೆ ಬಿಸಿ ಮಾಡಿ ಹಚ್ಚುತ್ತಿದ್ದೆವು. ಊಟಕ್ಕೆ ಕೂತಾಗ ಮಗನ ತಟ್ಟೆಗೆ ತಾವೇ ಅನ್ನ ಹಾಕಿದರು. ಅದು ಬಿಟ್ಟರೆ ಆ ದಿನ ಅವರು ಮಾಡಿದ್ದೇನೂ ಬೇರೆಯಾಗಿರಲಿಲ್ಲ.

ಮುಂದಿನ ಸಲ ಡಾಕ್ಟರು ಬಂದಾಗ ಮಾವನನ್ನು ಕರೆದುಕೊಂಡು ಹೋಗಿ ಮೊದಲು ನಾಡಿಯ ವಿಷಯ ಮಾತ್ರ ಹೇಳಿದೆ. ಅವರು ಗಂಭೀರವಾಗಿ ಕೇಳಿದರು. ಇಸಿಜಿ ತೆಗೆಸಿದರು, ಎಂದಿನ ಏರುಪೇರೇ ಇತ್ತು. ನಿಧಾನವಾಗಿ ಸಮನಾಗಿ ಬಡಿಯುವುದಕ್ಕೆ ಕಾರಣವಿರಬಹುದು ಅಂದರು. ಬಡಿತ ನಿಧಾನ ಮಾಡುವ ಗುಳಿಗೆ ಮೈಯಲ್ಲಿ ಹೆಚ್ಚಾದರೆ ಮೇಲಿನ ಅಪ್ಪಣೆಯೆಲ್ಲ ತಡೆದುಹೋಗಿ, ಹೃದಯದ ನಡುಭಾಗ ತಾನೇ ಬಡಿತ ಹೊರಡಿಸುತ್ತದಂತೆ. ಅದು ಹೀಗೇ ಇರುತ್ತದಂತೆ, ನಿಧಾನ, ಒಂದೇ ಸಮ. ನನಗೆ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ. ಅಂತೂ ಒಂದು ಕಾರಣ ಇದೆಯಲ್ಲ! ರಕ್ತ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದಾಗ ಗುಳಿಗೆಯ ಪ್ರಮಾಣ ಎಷ್ಟಿರಬೇಕೋ ಅಷ್ಟೇ ಇತ್ತು. ಆ ದಿನ ಮಾತ್ರ ಹೆಚ್ಚಾಗಿತ್ತೋ ಏನೋ, ಈಗ ಹೇಗೆ ಹೇಳುವುದು ಅಂದರು.

ಆಗ ಉಳಿದದ್ದನ್ನೂ ಹೇಳಿದೆ. ಹೇಳಬಾರದೆಂದೇ ಹೋಗಿದ್ದೆ, ಬಾಯಿ ತಡೆಯಲಿಲ್ಲ. ಡಾಕ್ಟರು ಪೆನ್ನು ಮುಚ್ಚಿಟ್ಟರು. ಅವರು ನಗುತ್ತಾರೆ ಅಂತ ಕಾದೆ. ಅವರು ಮಾವನ ಕಡೆ ನೋಡಿದರು. ಮಾವ ಗೋಡೆಯ ಮೇಲಿನ ಹೃದಯದ ಚಿತ್ರ ನೋಡುತ್ತ ಕೂತಿದ್ದರು.

"ನಿಮ್ಮ ಯಜಮಾನರು ಈಗ ಆರಾಮ ಇದ್ದಾರಾ?" ಅಂತ ಕೇಳಿದರು ಡಾಕ್ಟರು.

"ಇದ್ದಾರೆ ಸರ್."

"ಆಯ್ತು ಹಾಗಾದ್ರೆ. ಗುಳಿಗೆ ಮುಂದುವರಿಸಿ," ಅಂದರು.

ಇಷ್ಟಕ್ಕೇ ನಿಂತಿದ್ದರೆ ನಾನೂ ಕಾಲಕ್ರಮದಲ್ಲಿ ಇದನ್ನು ಕಾಕತಾಳೀಯ ಅಂತ ಒಂದು ಮೂಲೆಗೆ ಇಡುತ್ತಿದ್ದೆನೋ ಏನೋ. ರೈಲು ದಿನಕ್ಕೆ ಎಷ್ಟೋ ಸಲ ಕೂಗುತ್ತದೆ. ಸಾವಿನ ಬಾಯಲ್ಲಿದ್ದವನಿಗೆ ಅಪ್ಪನ ನೆನಪಾಗುವುದು ಸಹಜ. ಈ ಲೆಕ್ಕವನ್ನೆಲ್ಲ ನಾನು ಹಾಕಿಲ್ಲವೆಂದು ತಿಳಿಯಬೇಡಿ. ಆದರೆ ಮರುವರ್ಷ ಇನ್ನೊಂದಾಯಿತು.

ನಾಗೇಶ ಆಗ ಬೇರೆಯವರ ದೋಣಿಗೆ ಹೋಗುತ್ತಿದ್ದ. ಒಂದು ದಿನ ಆ ದೋಣಿ ಹೊತ್ತಿಗೆ ಬರಲಿಲ್ಲ. ಮರುದಿನ ಬೆಳಗಾದರೂ ಸುದ್ದಿಯಿಲ್ಲ. ಹಿಂದಿನ ರಾತ್ರಿಯೆಲ್ಲ ಗಾಳಿಯಿತ್ತು. ಮಂಗಲಕ್ಕ ಬೆಳಿಗ್ಗೆ ನೇರ ನಮ್ಮ ಜಗಲಿಗೆ ಬಂದು ಮಾವನ ಕಾಲ ಹತ್ತಿರ ಕೂತಳು. ಅವರ ಬಲಗೈ ಎಳೆದುಕೊಂಡು ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. ಹೇಗೆ ಹಿಡಿಯಬೇಕೆಂಬುದು ಆಕೆಗೆ ಗೊತ್ತಿರಲಿಲ್ಲ, ಎರಡೂ ಕೈಯಲ್ಲಿ ಹಿಡಿದಿದ್ದಳು. ಮಾವ ಕೈ ಬಿಡಿಸಿಕೊಳ್ಳಲಿಲ್ಲ. ನನ್ನ ಮುಖ ನೋಡಿದರು.

ನಾನು ಹೋಗಿ ಆಕೆಯ ಕೈ ಸರಿಸಿ, ಬೆರಳು ಇಟ್ಟು ತೋರಿಸಿದೆ, ಆಮೇಲೆ ನಾನೂ ಇಟ್ಟೆ. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಅಂಗಳದಲ್ಲಿ ನಿಂತರು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾಡಿ ಎಂದಿನಂತೆ ಬಡಿಯಿತು. ಎರಡು, ಬಿಡುವು, ಒಂದು, ಮೂರು. ಬಿಸಿಲು ಮೆಟ್ಟಿಲು ದಾಟಿ ಜಗಲಿಗೆ ಬಂತು, ನಾವು ಹಾಗೇ ಕೂತಿದ್ದೆವು. ಅದು ಸಮನಾಗಲಿಲ್ಲ. ಮಾವ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಹೆಗಲು ಬಿಗಿ ಹಿಡಿದು ಕೂತರು. ಇಲ್ಲ. ಕೊನೆಗೆ ಅವರ ಕಣ್ಣಿನಿಂದ ನೀರು ಇಳಿಯಿತು.

"ನನ್ ಕೈಲಿಲ್ಲ ಮಂಗಲಾ. ಇದ್ದಿದ್ರೆ ಕೊಡ್ತಿದ್ದೆ," ಅಂದರು.

ಮಧ್ಯಾಹ್ನದ ಹೊತ್ತಿಗೆ ಫೋನು ಬಂತು. ಎಂಜಿನ್ನು ಕೆಟ್ಟು ತೇಲುತ್ತಿದ್ದ ದೋಣಿಯನ್ನು ದೊಡ್ಡ ಬೋಟೊಂದು ಕಂಡು, ಎಲ್ಲರನ್ನೂ ಕಾರವಾರಕ್ಕೆ ತಂದು ಬಿಟ್ಟಿತ್ತು. ನಾಗೇಶನಿಗೆ ಒಂದು ಗಾಯವೂ ಇರಲಿಲ್ಲ. ಮಂಗಲಕ್ಕ ಮಾವನ ಕಾಲು ಹಿಡಿದಳು, ನೀವೇ ತಂದುಕೊಟ್ಟಿರಿ ಅಂದಳು. ಮಾವ ಗಾಬರಿಯಾಗಿ ಕಾಲು ಹಿಂದೆಳೆದುಕೊಂಡು, "ನಾ ಅಲ್ಲ, ನಾ ಅಲ್ಲ" ಅನ್ನುತ್ತಲೇ ಇದ್ದರು.

ಅವರು ಅದಾದ ಮೇಲೂ ಕೆಲವು ವರ್ಷ ಇದ್ದರು. ಗಾಳಿಮಳೆಯ ದಿನ ನಮ್ಮವರು ಸಮುದ್ರದಲ್ಲಿದ್ದಾಗ ನಾನು ಎಷ್ಟೋ ಸಲ ಮಾವನ ನಾಡಿ ನೋಡಿದ್ದೇನೆ. ಒಮ್ಮೆಯೂ ಅದು ಸಮನಾಗಲಿಲ್ಲ. ನಮ್ಮವರು ಪ್ರತಿ ಸಲವೂ ಕ್ಷೇಮವಾಗಿಯೇ ಬಂದರು. ಹಾಗಾದರೆ ಅಗತ್ಯವಿದ್ದಾಗ ಮಾತ್ರ ಬಂತೇ ಅಂದರೆ, ನಾಗೇಶನ ದಿನ ಯಾಕೆ ಬರಲಿಲ್ಲ? ಕೈ ಬಿಟ್ಟಾಗ ಅಲ್ಲಿ ಸದ್ದು ನಿಂತಿತು ಅಂದರೆ, ನನ್ನ ಬೆರಳಿಗೂ ಅದಕ್ಕೂ ಏನು ಸಂಬಂಧ? ಮಾವ ಕರೆಯಲಿಲ್ಲ ಅಂದ ಮೇಲೆ ಆ ದನಿ ಯಾರದು? ಮಕ್ಕಳಿಗೆ ಹೃದಯದ ಪಾಠ ಮಾಡುವಾಗ ಇಂದಿಗೂ ಕೋಣೆಗಳ ಚಿತ್ರ ಬರೆದು, ಅಪ್ಪಣೆ ಎಲ್ಲಿಂದ ಹೊರಡುತ್ತದೆಂದು ಬಾಣದ ಗುರುತು ಹಾಕಿ ತೋರಿಸುತ್ತೇನೆ. ಅದರಲ್ಲಿ ನನಗೆ ಅನುಮಾನವಿಲ್ಲ. ಆ ಮಧ್ಯಾಹ್ನದ ಬಾಣ ಎಲ್ಲಿಂದ ಹಾಕಬೇಕೆಂಬುದು ಮಾತ್ರ ತಿಳಿಯುವುದಿಲ್ಲ.

ಮಂಗಲಕ್ಕ ಕಾಲು ಹಿಡಿದ ಆ ದಿನದ ಸಂಜೆ, ಎಲ್ಲರೂ ಹೋದ ಮೇಲೆ, ಮಾವ ಎಂದಿನಂತೆ ಕೈ ಮುಂದೆ ಚಾಚಿದರು. ತುಂಬ ದಣಿದಿದ್ದರು.

"ನೋಡು ತಂಗೀ, ಇದು ಯಾರ ಮಾತೂ ಕೇಳೂದಿಲ್ಲ," ಅಂದರು. "ನನ್ ಎದೆಯೊಳಗೇ ಅದೆ, ನನ್ ಮಾತೂ ಕೇಳೂದಿಲ್ಲ."

"ಹಾಗಾದ್ರೆ ಅವತ್ತು ಯಾರ ಮಾತು ಕೇಳ್ತು ಮಾವ?"

ಅವರು ಸಮುದ್ರದ ಕಡೆ ನೋಡಿದರು. ಅವರಿಗೂ ಗೊತ್ತಿರಲಿಲ್ಲ ಅಂತ ಈಗ ಅನಿಸುತ್ತದೆ. ನಾನು ಗಡಿಯಾರ ನೋಡಿ ಎಣಿಸತೊಡಗಿದೆ. ಎರಡು ಒಟ್ಟಿಗೆ, ಒಂದು ಬಿಡುವು, ಮತ್ತೊಂದು. ನಿಮಿಷ ಮುಗಿಯಿತು. ಎಣಿಕೆ ನಿಲ್ಲಿಸಿದೆ. ಕೈ ಮಾತ್ರ ಬಿಡಲಿಲ್ಲ.